ದಂಗೆ ಜನರದು, ಗದ್ದುಗೆ ಮನೆತನಗಳದು

1897ರ ಮಾರ್ಚ್ 22. ಮನಿಲಾದ ದಕ್ಷಿಣಕ್ಕಿರುವ ಕವಿಟೆ ಪ್ರಾಂತ್ಯದ ತೆಹೆರೋಸ್‌ನಲ್ಲಿ, ಸ್ಪ್ಯಾನಿಷ್ ಪಾದ್ರಿಗಳ ಜಮೀನಿಗೆ ಸೇರಿದ ದೊಡ್ಡ ಮನೆಯೊಂದರಲ್ಲಿ ಬಂಡಾಯಗಾರರು ಸಭೆ ಸೇರಿದ್ದರು. ಸ್ಪೇನಿನ ವಿರುದ್ಧ ಫಿಲಿಪ್ಪೀನ್ಸ್ ದಂಗೆಯೆದ್ದು ಏಳು ತಿಂಗಳಾಗಿತ್ತು. ಹೋರಾಟವನ್ನು ಇನ್ನು ಮುಂದೆ ಯಾರು ನಡೆಸಬೇಕು, ಎಂಥ ಸರ್ಕಾರ ಕಟ್ಟಬೇಕು ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಸಭೆಯ ಅಧ್ಯಕ್ಷತೆ ವಹಿಸಿದ್ದವನು ಆಂಡ್ರೆಸ್ ಬೊನಿಫಾಸಿಯೊ. ಮನಿಲಾದ ತೊಂಡೊ ಬಡಾವಣೆಯ ಈ ಬಡವ ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು, ಒಡಹುಟ್ಟಿದವರ ಹೊಟ್ಟೆ ಹೊರೆಯಲು ಊರುಗೋಲು ಮತ್ತು ಕಾಗದದ ಬೀಸಣಿಗೆಗಳನ್ನು ಮಾರಿದವನು. ಆಮೇಲೆ ವಿದೇಶಿ ವ್ಯಾಪಾರಿ ಕಂಪನಿಗಳಲ್ಲಿ ಕೆಲಸಕ್ಕಿದ್ದವನು. 1892ರ ಜುಲೈನಲ್ಲಿ ಕತಿಪುನಾನ್ ಎಂಬ ಗುಪ್ತ ಸಂಘಟನೆಯನ್ನು ಕಟ್ಟಿ, ಕೂಲಿಗಳು, ಗುಮಾಸ್ತರು, ರೈತರನ್ನು ಸಾವಿರಾರು ಸಂಖ್ಯೆಯಲ್ಲಿ ಒಗ್ಗೂಡಿಸಿದವರಲ್ಲಿ ಆತನೇ ಮುಂದಾಳು.

ಚುನಾವಣೆಯಲ್ಲಿ ಗೆದ್ದವರು ಯಾರೇ ಆಗಲಿ, ಅವರ ಅಂತಸ್ತು ಓದು ಏನೇ ಇರಲಿ, ಎಲ್ಲರೂ ಒಪ್ಪತಕ್ಕದ್ದು ಎಂದು ಮೊದಲೇ ಮಾತಾಗಿತ್ತು. ಸಭೆಯಲ್ಲೇ ಇಲ್ಲದ ಎಮಿಲಿಯೊ ಅಗಿನಾಲ್ಡೊ ಅಧ್ಯಕ್ಷನಾಗಿ ಆಯ್ಕೆಯಾದ. ಕವಿಟೆಯ ಅನುಕೂಲಸ್ಥ ಮನೆತನದ ಅಗಿನಾಲ್ಡೊ ತನ್ನೂರಿನ ಪುರಾಡಳಿತದ ಮುಖ್ಯಸ್ಥನೂ ಆಗಿದ್ದವನು. ಬೊನಿಫಾಸಿಯೊಗೆ ಕಡೆಗೆ ದಕ್ಕಿದ್ದು ಒಳಾಡಳಿತದ ನಿರ್ದೇಶಕ ಸ್ಥಾನ. ಅಷ್ಟರಲ್ಲಿ ಡೇನಿಯಲ್ ತಿರೋನಾ ಎಂಬಾತ ಎದ್ದುನಿಂತು, ಈ ಹುದ್ದೆಗೆ ಕಾನೂನು ಓದಿದವರು ಬೇಕು, ನಮ್ಮಲ್ಲೇ ಒಬ್ಬ ವಕೀಲರಿದ್ದಾರಲ್ಲ ಎಂದ. ಬೊನಿಫಾಸಿಯೊ ಸಿಟ್ಟಿನಿಂದ ಪಿಸ್ತೂಲು ಹೊರತೆಗೆದ. ಜೊತೆಯಲ್ಲಿದ್ದವರು ತಡೆದರು. ಸಭೆಯ ತೀರ್ಮಾನಗಳೆಲ್ಲ ಅಸಿಂಧು ಎಂದು ಸಾರಿ ಆತ ಹೊರನಡೆದ.

ಏಳು ವಾರಗಳ ನಂತರ, ಮೇ 10ರಂದು, ಬೊನಿಫಾಸಿಯೊ ಮತ್ತು ಆತನ ತಮ್ಮ ಪ್ರೊಕೋಪಿಯೊನನ್ನು ಮರಗೊಂಡಾನ್ ಬೆಟ್ಟಗಳಿಗೆ ಒಯ್ದು ಕೊಲ್ಲಲಾಯಿತು. ಕೊಂದವರು ಸ್ಪ್ಯಾನಿಷ್ ಸೈನಿಕರಲ್ಲ, ಬಂಡಾಯದ ಸರ್ಕಾರದವರೇ. ರಾಜದ್ರೋಹವೆಂಬ ಆರೋಪ ಹೊರಿಸಿ, ತರಾತುರಿಯ ವಿಚಾರಣೆ ನಡೆಸಿ ಶಿಕ್ಷೆ ಕೊಡಲಾಗಿತ್ತು.

ಫಿಲಿಪ್ಪೀನ್ಸ್ ರಾಜಕೀಯದ ಮುಂದಿನ ನೂರು ವರ್ಷಗಳನ್ನು ನೋಡುವವರಿಗೆ ತೆಹೆರೋಸ್ ಮತ್ತೆ ಮತ್ತೆ ಎದುರಾಗುತ್ತದೆ. ಆ ದೇಶದ ಉಳ್ಳವರು ಜನರ ದಂಗೆಗಳನ್ನು ಯಾವಾಗಲೂ ಎದುರಿಸಿ ನಿಂತವರಲ್ಲ. ಎಷ್ಟೋ ಸಲ ಒಳಗೆ ಬಂದು ಸೇರಿಕೊಂಡವರು. ಹೊತ್ತು ನೋಡಿ ಪಕ್ಷ ಬದಲಿಸುವುದರಲ್ಲಿ ಅವರಿಗಿದ್ದ ನಿಪುಣತೆ ದಂಗೆಗಳನ್ನು ಹತ್ತಿಕ್ಕುವುದರಲ್ಲಿ ಇರಲಿಲ್ಲ.

ಸ್ಪೇನ್ ಹೋಗಿ ಅಮೆರಿಕ ಬಂದಾಗ ಈ ನಿಪುಣತೆಯ ಮೊದಲ ದೊಡ್ಡ ಪರೀಕ್ಷೆ ನಡೆಯಿತು. 1898ರ ಜೂನ್ 12ರಂದು ಅಗಿನಾಲ್ಡೊ ಕವಿಟ್‌ನಲ್ಲಿ ಸ್ವಾತಂತ್ರ್ಯ ಘೋಷಿಸಿದ. ಅದೇ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಂದ ಮಾಡಿಕೊಂಡು ಸ್ಪೇನ್ 2 ಕೋಟಿ ಡಾಲರಿಗೆ ದ್ವೀಪಗಳನ್ನು ಅಮೆರಿಕಕ್ಕೆ ಒಪ್ಪಿಸಿತು. 1899ರ ಫೆಬ್ರುವರಿಯಲ್ಲಿ ಯುದ್ಧ ಹತ್ತಿಕೊಂಡಿತು. ಹಳ್ಳಿಗಾಡಿನ ಜನ ಕತ್ತಿ, ಕೋವಿ ಹಿಡಿದು ಹೋರಾಡುತ್ತಿದ್ದಾಗಲೇ, ಅಗಿನಾಲ್ಡೊ ಅಧ್ಯಕ್ಷನಾಗಿದ್ದ ಮಲೋಲೋಸ್‌ನ ಗಣರಾಜ್ಯದಲ್ಲಿ ಸ್ಥಾನಮಾನ ಪಡೆದಿದ್ದ ಕೆಲವರು ಅಮೆರಿಕನ್ನರ ಕಡೆ ಹೊರಳಿಯಾಗಿತ್ತು. ವೈದ್ಯನೂ ವಿದ್ವಾಂಸನೂ ಆಗಿದ್ದ ಪಾರ್ದೊ ದೆ ತವೇರಾ 1900ರ ಡಿಸೆಂಬರ್‌ನಲ್ಲಿ ಫೆಡರಲ್ ಪಕ್ಷ ಕಟ್ಟಿದ. ದೇಶವನ್ನು ಅಮೆರಿಕದ ಒಂದು ರಾಜ್ಯವನ್ನಾಗಿ ಸೇರಿಸುವುದೇ ಆ ಪಕ್ಷದ ಗುರಿ. ಮರುವರ್ಷ ಆತ ಅಮೆರಿಕನ್ ಆಡಳಿತ ಆಯೋಗದ ಸದಸ್ಯನಾದ. ಕಯೆತಾನೊ ಅರೆಲ್ಯಾನೊ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ. ಬಡ ರೈತನ ಮಗ, ಎರಡೂ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಅಪೊಲಿನಾರಿಯೊ ಮಬೀನಿ ಮಾತ್ರ ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ 1901ರಲ್ಲಿ ಗುವಾಮ್ ದ್ವೀಪಕ್ಕೆ ಗಡೀಪಾರಾದ.

ಕತಿಪುನಾನ್‌ನ ಹಳೆಯ ಆಳು ಮಕಾರಿಯೊ ಸಕಾಯ್ ಗುಡ್ಡಗಳಲ್ಲಿ ಹೋರಾಟ ಮುಂದುವರಿಸಿದ. ತೊಂಡೊದಲ್ಲೇ ಬೆಳೆದ ಆತ ಕ್ಷೌರಿಕನಾಗಿ, ದರ್ಜಿಯಾಗಿ ದುಡಿದವನು, ನಾಟಕಗಳಲ್ಲಿ ಪಾತ್ರ ಮಾಡಿದವನು. ಶರಣಾದರೆ ಕ್ಷಮೆ ಸಿಗುತ್ತದೆ, ನಾಡಿಗೆ ಶಾಸನಸಭೆ ಬರಲು ಹಾದಿಯಾಗುತ್ತದೆ ಎಂದು ಮನಿಲಾದ ರಾಜಕಾರಣಿಯೊಬ್ಬ ನಂಬಿಸಿದ ಮೇಲೆ 1906ರಲ್ಲಿ ಆತ ಬೆಟ್ಟ ಇಳಿದು ಬಂದ. ಬಂದವನನ್ನು ಬಂಧಿಸಿ, ಡಕಾಯಿತನೆಂದು ಹೆಸರಿಟ್ಟು, 1907ರ ಸೆಪ್ಟೆಂಬರ್ 13ರಂದು ಗಲ್ಲಿಗೇರಿಸಿದರು. ಒಂದು ತಿಂಗಳು ಕಳೆದು, ಅಕ್ಟೋಬರ್ 16ರಂದು ಶಾಸನಸಭೆ ಉದ್ಘಾಟನೆಯಾಯಿತು. ಸುಮಾರು 76 ಲಕ್ಷ ಜನಸಂಖ್ಯೆಯಲ್ಲಿ ಮತದಾರರಾಗಿ ನೋಂದಾಯಿಸಿಕೊಂಡಿದ್ದವರು ಲಕ್ಷದ ಆಸುಪಾಸು ಮಾತ್ರ. ಆಸ್ತಿ ಇರಬೇಕು, ಇಲ್ಲವೇ ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಓದು ಬರಹ ಬಲ್ಲವರಾಗಿರಬೇಕು, ಇಲ್ಲವೇ ಹಿಂದೆ ಅಧಿಕಾರ ನಡೆಸಿರಬೇಕು. ಇದರ ಮೇಲೆ, ಗಂಡಸಾಗಿರಲೇಬೇಕು. ಸೆಬು ದ್ವೀಪದ ಸೆರ್ಜಿಯೊ ಒಸ್ಮೆನ್ಯಾ ಸ್ಪೀಕರ್ ಆದ. ಆ ಮನೆತನ ಮುಂದೆ ಹಲವು ತಲೆಮಾರು ರಾಜಕೀಯದಲ್ಲೇ ಉಳಿಯಿತು.

ಪಾದ್ರಿಗಳ ಮಠಗಳಿಗೆ ಸೇರಿದ್ದ ಜಮೀನಿನ ಕಥೆಯೂ ಇದೇ ಜಾಡಿನದು. 1896ರಲ್ಲಿ ರೈತರು ದಂಗೆಯೇಳಲು ಮುಖ್ಯ ಕಾರಣಗಳಲ್ಲಿ ಆ ಜಮೀನುಗಳ ಗೇಣಿಯ ಹೊರೆಯೂ ಒಂದು. ಅಮೆರಿಕನ್ ಸರ್ಕಾರ 1903ರಲ್ಲಿ ಸುಮಾರು 4 ಲಕ್ಷ ಎಕರೆಯನ್ನು 70 ಲಕ್ಷ ಡಾಲರಿಗೂ ಹೆಚ್ಚು ಹಣಕ್ಕೆ ಕೊಂಡು, ಮಾರಾಟಕ್ಕಿಟ್ಟಿತು. ಗೇಣಿದಾರನ ಕೈಯಲ್ಲಿ ಕೊಳ್ಳುವ ಕಾಸಿರಲಿಲ್ಲ. ಬಹಳಷ್ಟು ಭೂಮಿ ಕಾಸಿದ್ದವರ ಪಾಲಾಯಿತು. ಮಠದ ಒಕ್ಕಲು ಧಣಿಯ ಒಕ್ಕಲಾದ, ಅಷ್ಟೆ.

ರೈತರ ಭೂಮಿಯ ಹಸಿವು ಆರಲಿಲ್ಲ. 1931ರಲ್ಲಿ ಪಂಗಾಸಿನಾನ್‌ನ ತಯೂಗ್‌ನಲ್ಲಿ, 1935ರ ಮೇ ತಿಂಗಳಲ್ಲಿ ಮನಿಲಾ ಸುತ್ತಲಿನ ಪ್ರಾಂತ್ಯಗಳಲ್ಲಿ ರೈತರು ಬಂಡೆದ್ದರು, ಒಂದೆರಡು ದಿನಗಳಲ್ಲೇ ನೆಲಕಚ್ಚಿದರು. ನಿಜವಾದ ದೊಡ್ಡ ಎದುರೇಟು ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರ ಮಾರ್ಚ್ 29ರಂದು ಲುಸೋನ್ ದ್ವೀಪದ ಮಧ್ಯಭಾಗದ ಭತ್ತದ ಸೀಮೆಯಲ್ಲಿ ಜಪಾನ್ ವಿರೋಧಿ ಜನಸೇನೆಯೊಂದು ಹುಟ್ಟಿತು. ಜನರ ಬಾಯಲ್ಲಿ ಅದು ಹುಕ್. ಅದರ ನಾಯಕ ಲೂಯಿಸ್ ತರೂಕ್ ಪಂಪಾಂಗಾದ ರೈತ ಕುಟುಂಬದವನು. ಜಮೀನ್ದಾರರಲ್ಲಿ ಅನೇಕರು ಮನಿಲಾಕ್ಕೆ ಹೋಗಿ ಸೇರಿದರು. ಜಪಾನೀಯರೊಂದಿಗೆ ಹೊಂದಿಕೊಂಡವರೂ ಕಡಿಮೆಯಿರಲಿಲ್ಲ. ಯುದ್ಧ ಮುಗಿದದ್ದೇ ಅವರು ಮರಳಿ ಬಂದು, ಬಾಕಿ ಗೇಣಿ ಎಣಿಸಿ ಎಂದರು.

ಹುಕ್ ಬೆಂಬಲಿಗರು ಮೊದಲು ನೆಚ್ಚಿದ್ದು ಮತಪೆಟ್ಟಿಗೆಯನ್ನು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅವರನ್ನು ಹುಟ್ಟಾ ಹಿಂಸಾವಾದಿಗಳೆಂದು ಚಿತ್ರಿಸುವ ಬರಹಗಳಿಗೆ ಬರವಿಲ್ಲ. 1946ರ ಏಪ್ರಿಲ್ ಚುನಾವಣೆಯಲ್ಲಿ ಮಧ್ಯ ಲುಸೋನ್‌ನಿಂದ ಡೆಮಾಕ್ರಟಿಕ್ ಅಲಯನ್ಸ್‌ನ ಆರು ಮಂದಿ ಗೆದ್ದು ಬಂದರು, ತರೂಕ್ ಅವರಲ್ಲೊಬ್ಬ. ಅಧ್ಯಕ್ಷ ಮ್ಯಾನುಯೆಲ್ ರೋಹಸ್‌ನ ಪಕ್ಷ, ಚುನಾವಣೆಯಲ್ಲಿ ಬೆದರಿಕೆ ನಡೆದಿದೆ ಎಂದು ಹೇಳಿ, ಅವರಿಗೆ ಸಂಸತ್ತಿನಲ್ಲಿ ಕೂರಲು ಬಿಡಲಿಲ್ಲ. ಅಮೆರಿಕನ್ನರಿಗೆ ದೇಶದ ನೈಸರ್ಗಿಕ ಸಂಪತ್ತಿನ ಮೇಲೆ ಫಿಲಿಪ್ಪೀನಿಯರಷ್ಟೇ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಗೆ ಆಗ ಮುಕ್ಕಾಲು ಪಾಲು ಮತ ಬೇಕಿತ್ತು. ಆ ಆರು ಮಂದಿ ಒಳಗಿದ್ದರೆ ಲೆಕ್ಕ ಕೂಡಿಬರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ರೈತ ಮುಖಂಡ ಹುವಾನ್ ಫೆಲಿಯೊನನ್ನು ದಾರಿಯಲ್ಲೇ ಅಪಹರಿಸಿ ಕೊಂದರು. ತರೂಕ್ ಕಾಡು ಸೇರಿದ. ಎಂಟು ವರ್ಷ ಮಧ್ಯ ಲುಸೋನ್ ಹೊತ್ತಿ ಉರಿಯಿತು.

ಆ ಬೆಂಕಿಯನ್ನು ಆರಿಸಿದವನೆಂದು ಹೆಸರಾದವನು ರಮೋನ್ ಮ್ಯಾಗ್ಸೆಸೆ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಸಂದ ಪ್ರಶಸ್ತಿಯಿಂದ ಕನ್ನಡಿಗರಿಗೆ ಈ ಹೆಸರು ಪರಿಚಿತ. 1950ರಲ್ಲಿ ರಕ್ಷಣಾ ಕಾರ್ಯದರ್ಶಿ, 1953ರಲ್ಲಿ ಅಧ್ಯಕ್ಷನಾದ ಮ್ಯಾಗ್ಸೆಸೆ ಸೈನ್ಯದ ಶಿಸ್ತನ್ನು ಸರಿಪಡಿಸಿದ, ಶರಣಾದವರಿಗೆ ಮಿಂಡನಾವೊ ದ್ವೀಪದಲ್ಲಿ ಭೂಮಿ ಕೊಡಿಸಿದ, ಅಧ್ಯಕ್ಷರ ಅರಮನೆಯ ಬಾಗಿಲನ್ನು ಸಾಮಾನ್ಯರಿಗೆ ತೆರೆದ. ಅಮೆರಿಕದ ಗುಪ್ತಚರ ಸಂಸ್ಥೆಯ ನೆರವೂ ಆತನ ಬೆನ್ನಿಗಿತ್ತು. ಆತನ ಕಾಳಜಿ ನಿಜವಾದದ್ದೆಂದೇ ತೋರುತ್ತದೆ. ಆದರೆ 1955ರಲ್ಲಿ ಭೂಸುಧಾರಣಾ ಮಸೂದೆ ಸಂಸತ್ತಿಗೆ ಹೋದಾಗ ಜಮೀನ್ದಾರ ಸದಸ್ಯರು ಅದರ ಹಲ್ಲು ಕಿತ್ತರು. ಒಬ್ಬನಿಗೆ ಒಂದೇ ಕಡೆ 300 ಹೆಕ್ಟೇರಿಗಿಂತ ಹೆಚ್ಚು ಭತ್ತದ ಗದ್ದೆಯಿದ್ದರೆ ಮಾತ್ರ ಕಾನೂನು ತಾಗುವಂತಾಯಿತು. ಮ್ಯಾಗ್ಸೆಸೆ 1957ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ.

ತರೂಕ್ 1954ರಲ್ಲಿ ಶರಣಾಗುವ ಮೊದಲು ಆತನೊಂದಿಗೆ ಮಾತುಕತೆ ನಡೆಸಿದ್ದು ಬೆನಿಗ್ನೊ ಅಕಿನೊ ಎಂಬ ಹರೆಯದ ಪತ್ರಕರ್ತ. ಎಲ್ಲರಿಗೂ ಆತ ನಿನಾಯ್. ತಾತ ಕ್ರಾಂತಿಯ ಕಾಲದ ಸೇನಾನಿ, ತಂದೆ ಜಪಾನ್ ಆಳ್ವಿಕೆಯಲ್ಲಿ ಶಾಸನಸಭೆಯ ಸ್ಪೀಕರ್. ಅದೇ ವರ್ಷ ನಿನಾಯ್ ಮದುವೆಯಾದದ್ದು ತರ್ಲಾಕ್ ಪ್ರಾಂತ್ಯದ ಸಿರಿವಂತ ಕೊಹುವಾಂಕೊ ಮನೆತನದ ಕೊರಾಜಾನ್ ಅವರನ್ನು. ಮಾವನ ಮನೆಯವರು ಕೆಲವೇ ವರ್ಷಗಳಲ್ಲಿ ಸ್ಪ್ಯಾನಿಷ್ ತಂಬಾಕು ಕಂಪನಿಯೊಂದರಿಂದ 6,400 ಹೆಕ್ಟೇರಿಗೂ ದೊಡ್ಡದಾದ ಹಸಿಯೆಂದಾ ಲೂಯಿಸಿಟಾ ಎಂಬ ಕಬ್ಬಿನ ಎಸ್ಟೇಟನ್ನು ಕೊಂಡರು. ನಿನಾಯ್ ಅದರ ಆಡಳಿತಗಾರನಾದ. ಖರೀದಿಗೆ ಸರ್ಕಾರಿ ಸಾಲವಿತ್ತು, ಸೆಂಟ್ರಲ್ ಬ್ಯಾಂಕಿನ ಬೆಂಬಲವಿತ್ತು. ಅದರ ಜೊತೆಗೊಂದು ಷರತ್ತೂ ಇತ್ತು: ಹತ್ತು ವರ್ಷಗಳೊಳಗೆ ಭೂಮಿಯನ್ನು ಸಣ್ಣ ರೈತರಿಗೆ ಹಂಚಬೇಕು. ಈ ಷರತ್ತನ್ನು ಓದುಗರು ನೆನಪಿಡಬೇಕು.

1972ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ದೇಶದ ಮೇಲೆ ಸೈನಿಕ ಕಾನೂನು ಹೇರಿದ. ಹಳೆಯ ಕುಳಗಳನ್ನು ಮಟ್ಟಹಾಕಿ ಹೊಸ ಸಮಾಜ ಕಟ್ಟುತ್ತೇನೆಂದು ಹೇಳಿಕೊಂಡ. ಹಳೆಯ ಕುಳಗಳಲ್ಲಿ ಕೆಲವನ್ನು ಮಟ್ಟಹಾಕಿದ್ದೂ ಹೌದು. ವಿದ್ಯುತ್ ಕಂಪನಿ, ಟಿವಿ ಜಾಲ, ಪತ್ರಿಕೆಗಳ ಒಡೆತನವಿದ್ದ ಲೋಪೆಸ್ ಮನೆತನ ಎಲ್ಲವನ್ನೂ ಕಳೆದುಕೊಂಡಿತು. ಆ ಮನೆಯ ಫರ್ನಾಂಡೊ ಲೋಪೆಸ್ ಅದುವರೆಗೆ ಮಾರ್ಕೋಸ್‌ನದೇ ಉಪಾಧ್ಯಕ್ಷ! ಕಿತ್ತುಕೊಂಡದ್ದು ಜನರಿಗೆ ಸಿಗಲಿಲ್ಲ, ಹೊಸ ಆಪ್ತರಿಗೆ ಸಿಕ್ಕಿತು. ಸಕ್ಕರೆ ವ್ಯಾಪಾರ ರೊಬೆರ್ತೊ ಬೆನೆದಿಕ್ತೊನ ಹಿಡಿತಕ್ಕೆ ಬಂತು, ತೆಂಗು ಎಡ್ವಾರ್ಡೊ ಕೊಹುವಾಂಕೊನ ಹಿಡಿತಕ್ಕೆ. ಈತ ಕೊರಾಜಾನ್ ಅವರ ಸ್ವಂತ ದಾಯಾದಿ. ಸರ್ವಾಧಿಕಾರದ ವರ್ಷಗಳಲ್ಲಿ 70 ಸಾವಿರ ಜನ ಸೆರೆಯಾದರು, 3 ಸಾವಿರಕ್ಕೂ ಹೆಚ್ಚು ಜನ ಹತರಾದರು ಎಂಬುದು ಹೆಚ್ಚಾಗಿ ಉಲ್ಲೇಖವಾಗುವ ಅಂದಾಜು.

ಮಾರ್ಕೋಸ್ ವಿರುದ್ಧದ ಹೋರಾಟ ಆತನ ರಾಜಕೀಯ ಎದುರಾಳಿ ನಿನಾಯ್ ಸಾವಿನಿಂದ ಶುರುವಾಯಿತೆಂಬ ಮಾತು ಪೂರ್ತಿ ನಿಜವಲ್ಲ. ಮುಷ್ಕರಗಳಿಗೆ ನಿಷೇಧವಿದ್ದ 1975ರಲ್ಲೇ ತೊಂಡೊದ ಲಾ ತೊಂಡೆನ್ಯಾ ಮದ್ಯದ ಕಾರ್ಖಾನೆಯ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಚಿಕೊ ನದಿಗೆ ಅಣೆಕಟ್ಟು ಬೇಡವೆಂದು ಕಲಿಂಗಾ ಬುಡಕಟ್ಟಿನ ಜನರನ್ನು ಒಗ್ಗೂಡಿಸಿದ ಮಾಕ್ಲೀಂಗ್ ದುಲಾಗ್ 1980ರಲ್ಲಿ ಸೈನಿಕರ ಗುಂಡಿಗೆ ಬಲಿಯಾದ. 1985ರ ಸೆಪ್ಟೆಂಬರ್ 20ರಂದು ನೆಗ್ರೋಸ್ ದ್ವೀಪದ ಎಸ್ಕಲಾಂತೆಯಲ್ಲಿ, ಸಕ್ಕರೆ ಬೆಲೆ ಬಿದ್ದು ಹಸಿವಿನಿಂದ ಕಂಗಾಲಾಗಿದ್ದ ಜನರ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 20 ಮಂದಿಯನ್ನು ಕೊಂದರು. 1986ರಲ್ಲಿ ಎಡ್ಸಾ ಹೆದ್ದಾರಿಯಲ್ಲಿ ಮಾರ್ಕೋಸ್ ವಿರುದ್ಧ ನಡೆದ ಜನರ ದಂಗೆಯ ಕಥೆ ಹೇಳುವಾಗ ಇವರನ್ನು ಬಿಟ್ಟರೆ ಕಥೆ ಅರೆಯಾಗುತ್ತದೆ. ಆದರೂ 1983ರ ಆಗಸ್ಟ್ 21ರಂದು ನಿನಾಯ್ ಅಮೆರಿಕದಿಂದ ಮರಳಿ ಮನಿಲಾ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದಾಗಲೇ ಗುಂಡೇಟಿಗೆ ಸತ್ತದ್ದು ಮಧ್ಯಮವರ್ಗವನ್ನೂ ಉದ್ಯಮಿಗಳನ್ನೂ ಬೀದಿಗೆ ತಂದಿತು. ಮಕಾಟಿಯ ಎತ್ತರದ ಕಚೇರಿಗಳ ಕಿಟಕಿಗಳಿಂದ, ಟೆಲಿಫೋನ್ ಡೈರೆಕ್ಟರಿಯ ಹಳದಿ ಹಾಳೆಗಳ ಚೂರುಗಳು ಮೆರವಣಿಗೆಗಳ ಮೇಲೆ ಮಳೆಯಂತೆ ಸುರಿದವು.

1986ರ ಫೆಬ್ರುವರಿ 7ರ ಚುನಾವಣೆಯಲ್ಲಿ ಮಾರ್ಕೋಸ್ ಎದುರು ನಿಂತದ್ದು ನಿನಾಯ್ ಅವರ ಪತ್ನಿ ಕೋರಿ ಅಕಿನೊ. ಮಾರ್ಕೋಸ್ ವಿರುದ್ಧ ಬಂದೂಕು ಹಿಡಿದಿದ್ದ ಕಮ್ಯುನಿಸ್ಟರು ಬಹಿಷ್ಕಾರ ಹಾಕಿ ದೂರ ಉಳಿದರು. ವರ್ಷಗಟ್ಟಲೆ ನೆತ್ತರು ಹರಿಸಿದ್ದ ಚಳವಳಿ, ಜನ ಮತಗಟ್ಟೆಗೆ ನುಗ್ಗಿದ ಗಳಿಗೆಯಲ್ಲಿ ಜನರಿಂದ ದೂರವಾಯಿತು. ಗೆಲುವಿನ ನಂತರ ಅದರ ಮಾತಿಗೆ ಬೆಲೆ ಸಿಗದೇ ಹೋದದ್ದಕ್ಕೆ ಇದೂ ಕಾರಣ. ಎಣಿಕೆಯಲ್ಲಿ ಮೋಸ ನಡೆಯುತ್ತಿದೆಯೆಂದು ಚುನಾವಣಾ ಆಯೋಗದ ಕಂಪ್ಯೂಟರ್ ಸಿಬ್ಬಂದಿ 9ರಂದು ಕೆಲಸ ಬಿಟ್ಟು ಎದ್ದು ಬಂದರು. ಹೆಚ್ಚಿನವರು ಹೆಣ್ಣುಮಕ್ಕಳು. ಬಿಷಪ್ಪರು ಈ ಚುನಾವಣೆಗೆ ನೈತಿಕ ಬಲವಿಲ್ಲ ಎಂದು ಸಾರಿದರು.

ಫೆಬ್ರುವರಿ 22ರ ಶನಿವಾರ ಸಂಜೆ ರಕ್ಷಣಾ ಸಚಿವ ಹುವಾನ್ ಪೊನ್ಸೆ ಎನ್ರಿಲೆ ಮತ್ತು ಸೇನೆಯ ಉಪಮುಖ್ಯಸ್ಥ ಫಿಡೆಲ್ ರಾಮೋಸ್ ಎಡ್ಸಾ ಹೆದ್ದಾರಿಯ ಪಕ್ಕದ ಸೇನಾ ಶಿಬಿರದೊಳಗೆ ಸೇರಿಕೊಂಡು, ಮಾರ್ಕೋಸ್‌ನನ್ನು ಇನ್ನು ಒಪ್ಪುವುದಿಲ್ಲ ಎಂದರು. ಎನ್ರಿಲೆ ಸೈನಿಕ ಕಾನೂನಿನ ರೂವಾರಿಗಳಲ್ಲಿ ಒಬ್ಬ. ರಾಮೋಸ್ ಆ ಕಾನೂನನ್ನು ಜಾರಿಗೊಳಿಸಿದ ಪೊಲೀಸ್ ಪಡೆಯ ಮುಖ್ಯಸ್ಥ, ಜೊತೆಗೆ ಮಾರ್ಕೋಸ್‌ನ ಸಂಬಂಧಿ. ಇವರ ದಂಗೆಯ ಸಂಚು ಬಯಲಾಗಿತ್ತು. ಜೊತೆಗಿದ್ದ ಸೈನಿಕರು ಕೆಲವೇ ನೂರು ಮಂದಿ. ಕಾರ್ಡಿನಲ್ ಹೈಮೆ ಸಿನ್ ರೇಡಿಯೊ ವೆರಿತಾಸ್ ಮೂಲಕ ಜನರನ್ನು ಕರೆಯದಿದ್ದರೆ ಬೆಳಗಾಗುವುದರೊಳಗೆ ಇಬ್ಬರ ಕಥೆ ಮುಗಿಯುತ್ತಿತ್ತು.

ಜನ ಬಂದರು. ಅನ್ನ, ಬ್ರೆಡ್ಡು, ನೀರು ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಲಕ್ಷಗಟ್ಟಲೆ ಬಂದರು. ಭಾನುವಾರ ಮಧ್ಯಾಹ್ನ ಓರ್ತಿಗಾಸ್ ರಸ್ತೆಯ ಬಳಿ ನೌಕಾಪಡೆಯ ಕವಚವಾಹನಗಳು ಬಂದಾಗ ಸನ್ಯಾಸಿನಿಯರು ಜಪಮಾಲೆ ಹಿಡಿದು ಮುಂದೆ ಮಂಡಿಯೂರಿದರು. ಹಿಂದೆ ಜನರ ಗೋಡೆ. ವಾಹನಗಳು ನಿಂತವು. ಸೋಮವಾರ ಬೆಳಗ್ಗೆ ದಾಳಿಗೆಂದು ಬಂದ ಹೆಲಿಕಾಪ್ಟರುಗಳು ಶಿಬಿರದೊಳಗೆ ಇಳಿದು ಬಂಡಾಯಗಾರರನ್ನು ಸೇರಿಕೊಂಡವು. ಇಪ್ಪತ್ತನೆಯ ಶತಮಾನದಲ್ಲಿ ನಿರಾಯುಧ ಜನ ತೋರಿದ ಧೈರ್ಯದ ದೊಡ್ಡ ಉದಾಹರಣೆಗಳಲ್ಲಿ ಇದೊಂದು. ಆಮೇಲೆ ಏನೇ ಆಗಿರಲಿ, ಆ ನಾಲ್ಕು ದಿನಗಳ ಹಿರಿಮೆ ಕುಂದದು.

25ರ ಬೆಳಗ್ಗೆ ಸಾನ್ ಹುವಾನ್‌ನ ಕ್ಲಬ್ ಫಿಲಿಪಿನೊದಲ್ಲಿ ಕೋರಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಮೇಲ್ವರ್ಗದವರು ಕೂಡುವ ಹಳೆಯ ಕ್ಲಬ್ಬು ಅದು. ಉಪಾಧ್ಯಕ್ಷ ಸಾಲ್ವಡಾರ್ ಲಾರೆಲ್, ಜಪಾನ್ ಕಾಲದ ಅಧ್ಯಕ್ಷನ ಮಗ. ಎನ್ರಿಲೆ ರಕ್ಷಣಾ ಸಚಿವನಾಗಿಯೇ ಮುಂದುವರಿದ, ರಾಮೋಸ್ ಸೇನಾ ಮುಖ್ಯಸ್ಥನಾದ. ಅದೇ ರಾತ್ರಿ ಮಾರ್ಕೋಸ್ ಅಮೆರಿಕನ್ ಹೆಲಿಕಾಪ್ಟರಿನಲ್ಲಿ ಅರಮನೆ ಬಿಟ್ಟು ಹವಾಯಿಯ ದಾರಿ ಹಿಡಿದ. ಲೋಪೆಸ್ ಮನೆತನಕ್ಕೆ ಟಿವಿ ಜಾಲ ವಾಪಸು ಬಂತು.

ರೈತರಿಗೆ ಏನು ಬಂತು?

ಕೋರಿ ಸೆರೆಯಾಳುಗಳನ್ನು ಬಿಡಿಸಿದರು, ಪತ್ರಿಕೆಗಳಿಗೆ ಉಸಿರು ಕೊಟ್ಟರು, ಹೊಸ ಸಂವಿಧಾನ ತಂದರು. ಇವು ಸಣ್ಣ ಕೆಲಸಗಳಲ್ಲ. ಹೊಸ ಸಂಸತ್ತು ಸೇರುವವರೆಗೆ ಶಾಸನ ಮಾಡುವ ಅಧಿಕಾರವೂ ಅವರೊಬ್ಬರ ಕೈಯಲ್ಲೇ ಇತ್ತು. ಒಂದು ಸಹಿಯಿಂದ ಭೂಮಿ ಹಂಚಬಹುದಿತ್ತು. 1987ರ ಜನವರಿ 22ರಂದು ಸಾವಿರಾರು ರೈತರು ಅದನ್ನೇ ಕೇಳುತ್ತಾ ಅಧ್ಯಕ್ಷರ ಅರಮನೆಯತ್ತ ನಡೆದರು. ಭೂಸುಧಾರಣಾ ಇಲಾಖೆಯ ಮುಂದೆ ದಿನಗಟ್ಟಲೆ ಬೀಡುಬಿಟ್ಟು, ಉತ್ತರ ಸಿಗದೆ ಹೊರಟವರು ಅವರು. ಅರಮನೆಗೆ ಹೋಗುವ ಮೆಂಡಿಯೊಲಾ ಸೇತುವೆಯ ಬಳಿ ಭದ್ರತಾ ಪಡೆ ಗುಂಡು ಹಾರಿಸಿತು. 13 ಮಂದಿ ಸತ್ತರು. ಹಿರಿಯ ನ್ಯಾಯವಾದಿ ಹೊಸೆ ಡಿಯೊಕ್ನೊ ಅಧ್ಯಕ್ಷರ ಮಾನವ ಹಕ್ಕು ಸಮಿತಿಗೆ ರಾಜೀನಾಮೆ ಕೊಟ್ಟರು. ಸತ್ತವರ ಕುಟುಂಬಗಳ ಪರಿಹಾರದ ದಾವೆಯಲ್ಲಿ, ಸರ್ಕಾರದ ಮೇಲೆ ಮೊಕದ್ದಮೆ ಹೂಡಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪಿತ್ತಿತು.

ಸಂಸತ್ತು ಸೇರುವುದಕ್ಕೆ ಕೆಲವೇ ದಿನ ಮೊದಲು ಕೋರಿ ಭೂಸುಧಾರಣೆಯ ಆದೇಶಕ್ಕೆ ಸಹಿ ಹಾಕಿದರು. ಆದರೆ ಒಡೆಯ ಎಷ್ಟು ಭೂಮಿ ಉಳಿಸಿಕೊಳ್ಳಬಹುದೆಂಬ ಮುಖ್ಯ ವಿಷಯವನ್ನು ಸಂಸತ್ತಿಗೇ ಬಿಟ್ಟರು. ಸಂಸತ್ತಿನಲ್ಲಿ ಬಹುಪಾಲು ಹಳೆಯ ಮನೆತನಗಳವರೇ ಇದ್ದರು. 1988ರ ಕಾನೂನಿನಲ್ಲಿ ಒಂದು ಕಿಂಡಿ ಉಳಿಯಿತು: ಎಸ್ಟೇಟುಗಳು ಭೂಮಿಯ ಬದಲು ಕಂಪನಿಯ ಷೇರುಗಳನ್ನು ಕೊಟ್ಟರೂ ಸಾಕು. ಲೂಯಿಸಿಟಾ ಆ ಕಿಂಡಿಯಲ್ಲೇ ನುಸುಳಿತು. ಹಳೆಯ ಷರತ್ತನ್ನು ಪಾಲಿಸಿಲ್ಲವೆಂದು ಮಾರ್ಕೋಸ್ ಸರ್ಕಾರ ಹೂಡಿದ್ದ ದಾವೆಯನ್ನು ಅದೇ ವರ್ಷ ಕೋರಿ ಸರ್ಕಾರವೇ ಕೈಬಿಟ್ಟಿತು. ಮಾರ್ಕೋಸ್ ಆ ದಾವೆ ಹೂಡಿದ್ದು ಎದುರಾಳಿಯನ್ನು ಹಣಿಯಲು ಎಂಬುದು ನಿಜ. ಆದರೆ ರೈತರ ಹಕ್ಕು ಅದರಿಂದ ಸುಳ್ಳಾಗುವುದಿಲ್ಲ. ಷೇರುದಾರರೆನಿಸಿಕೊಂಡ ಕೂಲಿಗಳು ವರ್ಷದಿಂದ ವರ್ಷಕ್ಕೆ ಬಡವಾದರು. 2004ರ ನವೆಂಬರ್ 16ರಂದು ಲೂಯಿಸಿಟಾದ ಮುಷ್ಕರದ ಮೇಲೆ ಗುಂಡು ಹಾರಿತು, ಏಳು ಮಂದಿ ಸತ್ತರು. ಭೂಮಿ ಹಂಚಿ ಎಂಬ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದದ್ದು 2012ರಲ್ಲಿ. ಆಗ ಅಧ್ಯಕ್ಷನಾಗಿದ್ದವನು ಕೋರಿಯವರ ಮಗ.

2001ರಲ್ಲಿ ಎಡ್ಸಾ ಎರಡು ಸಲ ತುಂಬಿತು. ಜನವರಿಯಲ್ಲಿ ಬಂದವರು ಹೆಚ್ಚಾಗಿ ಮಧ್ಯಮವರ್ಗದವರು. ಮೊಬೈಲ್ ಸಂದೇಶಗಳ ಮೂಲಕ ಕೂಡಿಕೊಂಡವರು. ಬಡವರ ಮತದಿಂದ ಗೆದ್ದು ಅಧ್ಯಕ್ಷನಾಗಿದ್ದ ಸಿನಿಮಾ ನಟ ಜೋಸೆಫ್ ಎಸ್ಟ್ರಾಡಾ ಭ್ರಷ್ಟನೆಂದು ಅವರ ಸಿಟ್ಟು. ಆ ಸಿಟ್ಟಿಗೆ ಆಧಾರವಿತ್ತು, ಮುಂದೆ ನ್ಯಾಯಾಲಯವೂ ಆತನನ್ನು ಅಪರಾಧಿ ಎಂದಿತು. ಸೈನ್ಯ ಕೈಬಿಟ್ಟಿತು, ಮಾಜಿ ಅಧ್ಯಕ್ಷನ ಮಗಳು ಗ್ಲೋರಿಯಾ ಅರೊಯೊ ಅಧಿಕಾರಕ್ಕೆ ಬಂದರು. ಏಪ್ರಿಲ್ 25ರಂದು ಎಸ್ಟ್ರಾಡಾ ಬಂಧನವಾದಾಗ ಕೊಳೆಗೇರಿಗಳ ಜನ ಅದೇ ಎಡ್ಸಾಕ್ಕೆ ಬಂದರು. ಅವರನ್ನು ಪತ್ರಿಕೆಗಳು ಕಾಸಿಗೆ ಬಂದವರು, ಗಬ್ಬು ನಾರುವವರು ಎಂದವು. ಎನ್ರಿಲೆಯಂಥ ಸೆನೆಟರುಗಳು ವೇದಿಕೆ ಹತ್ತಿ ಅವರನ್ನು ಹುರಿದುಂಬಿಸಿದರು. ಮೇ 1ರ ಬೆಳಗಿನ ಜಾವ ಸಾವಿರಾರು ಜನ ಅರಮನೆಗೆ ನುಗ್ಗಲು ಹೊರಟಾಗ ಗುಂಡೇಟು ತಿಂದವರು ಕೊಳೆಗೇರಿಯವರು. ಜನವರಿಯ ಗುಂಪನ್ನು ಪ್ರಜಾಶಕ್ತಿ ಎಂದು ಹೊಗಳಿದ ಬಾಯಿಗಳೇ ಮೇ ತಿಂಗಳ ಗುಂಪನ್ನು ಪುಂಡರೆಂದವು. ಎಸ್ಟ್ರಾಡಾ ತಪ್ಪಿತಸ್ಥನಿರಬಹುದು; ಅಂದು ಬೀದಿಗೆ ಬಂದವರ ಬಡತನ, ಅವಮಾನ ಸುಳ್ಳಾಗಿರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳದೇ ಹೋದದ್ದಕ್ಕೆ ಫಿಲಿಪ್ಪೀನ್ಸಿನ ಉದಾರವಾದಿಗಳು ಮುಂದೆ ದುಬಾರಿ ಬೆಲೆ ತೆತ್ತರು.

2022ರ ಮೇ ತಿಂಗಳಲ್ಲಿ ಮಾರ್ಕೋಸ್‌ನ ಮಗ 3 ಕೋಟಿ 10 ಲಕ್ಷಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷನಾದ. ಹಿಂದಿನ ಅಧ್ಯಕ್ಷ ಡುಟೆರ್ಟೆಯ ಮಗಳು ಉಪಾಧ್ಯಕ್ಷೆಯಾದರು. ಹೊಸ ಅಧ್ಯಕ್ಷನ ಮುಖ್ಯ ಕಾನೂನು ಸಲಹೆಗಾರನಾಗಿ ನೇಮಕಗೊಂಡವನು 98 ವರ್ಷದ ಎನ್ರಿಲೆ. ಎಡ್ಸಾದ ನಂತರ ಬರೆದ 1987ರ ಸಂವಿಧಾನದ ಎರಡನೆಯ ವಿಧಿ, 26ನೆಯ ಪರಿಚ್ಛೇದ, ರಾಜಕೀಯ ವಂಶಾಡಳಿತವನ್ನು ನಿಷೇಧಿಸಬೇಕು ಎಂದು ಹೇಳುತ್ತದೆ. ಯಾವುದು ವಂಶಾಡಳಿತವೆಂದು ಸಂಸತ್ತು ಕಾನೂನಿನ ಮೂಲಕ ವ್ಯಾಖ್ಯಾನಿಸಬೇಕು. ಆ ಚುನಾವಣೆ ನಡೆಯುವ ಹೊತ್ತಿಗೆ ಸಂವಿಧಾನಕ್ಕೆ 35 ವರ್ಷ ತುಂಬಿತ್ತು, ಅಧ್ಯಕ್ಷರು, ಸಂಸದರು, ಗವರ್ನರುಗಳಿಗೆ ಅನ್ವಯವಾಗುವ ಅಂಥ ಕಾನೂನು ಇನ್ನೂ ಬಂದಿರಲಿಲ್ಲ.